ಪ್ರೊಜೋರೊ: ಉಕ್ರೇನಿನ ಟೆಂಡರ್ ಜಾಲತಾಣ ಎಷ್ಟು ಕೆಲಸ ಮಾಡುತ್ತದೆ?

ಉಕ್ರೇನಿನ ಒಂದು ಪುರಸಭೆ ತನ್ನ ಶಾಲೆಗಳಿಗೆ ಯಾವ ದರದಲ್ಲಿ ಆಲೂಗಡ್ಡೆ ಕೊಂಡಿತು, ಯಾರಿಂದ ಕೊಂಡಿತು, ಟೆಂಡರಿನಲ್ಲಿ ಸೋತವರು ಎಷ್ಟು ದರ ಹೇಳಿದ್ದರು, ಗೆದ್ದವರೊಡನೆ ಆದ ಕರಾರಿಗೆ ಆಮೇಲೆ ಎಷ್ಟು ಬಾರಿ ತಿದ್ದುಪಡಿ ಬಂತು ಎಂಬುದನ್ನು ತಿಳಿಯಲು ಯಾವ ಕಚೇರಿಗೂ ಅರ್ಜಿ ಹಾಕಬೇಕಿಲ್ಲ. ಪ್ರೊಜೋರೊ ಎಂಬ ಜಾಲತಾಣವನ್ನು ತೆರೆದು ಹುಡುಕಿದರೆ ಸಾಕು. ಹೆಸರು ನೋಂದಾಯಿಸುವ ಅಗತ್ಯವಿಲ್ಲ, ಶುಲ್ಕವಿಲ್ಲ, ಆ ದೇಶದ ಪ್ರಜೆಯಾಗಿರಬೇಕೆಂಬ ನಿಯಮವೂ ಇಲ್ಲ. ಸರ್ಕಾರಿ ಖರೀದಿಯ ಕಡತಗಳು ಎಷ್ಟು ಎಚ್ಚರದಿಂದ ಮುಚ್ಚಿಡಲ್ಪಡುತ್ತವೆ ಎಂಬುದನ್ನು ಬಲ್ಲವರಿಗೆ ಇದು ಸಣ್ಣ ಸಂಗತಿಯಲ್ಲ.

ಈ ಸೇವೆಯನ್ನು ವಿಮರ್ಶೆಗೆ ಆರಿಸಿಕೊಳ್ಳಲು ಇನ್ನೊಂದು ಕಾರಣವಿದೆ. ಸೋವಿಯತ್ ಒಕ್ಕೂಟದಿಂದ ಹೊರಬಂದ ದೇಶಗಳ ಪ್ರಜಾಪ್ರಭುತ್ವಕ್ಕೂ ಆರ್ಥಿಕ ಸುಧಾರಣೆಗೂ ಹೊರಗಿನವರು ಕೊಟ್ಟ ನೆರವನ್ನು ನಾವು ಸಾಮಾನ್ಯವಾಗಿ ಮೊತ್ತದ ಲೆಕ್ಕದಲ್ಲಿ ಕೇಳುತ್ತೇವೆ. 2015ರ ಮಾರ್ಚ್‌ನಲ್ಲಿ ಅಂತಾರಾಷ್ಟ್ರೀಯ ಹಣಕಾಸು ನಿಧಿ ಉಕ್ರೇನಿಗೆ ಸುಮಾರು 1,750 ಕೋಟಿ ಡಾಲರಿನ ಸಾಲ ಮಂಜೂರು ಮಾಡಿತು. 2024ರಿಂದ 2027ರವರೆಗಿನ ಅವಧಿಗೆ ಐರೋಪ್ಯ ಒಕ್ಕೂಟ 5,000 ಕೋಟಿ ಯೂರೊಗಳ ನೆರವಿನ ಯೋಜನೆಯನ್ನು ರೂಪಿಸಿತು. ಇಂಥ ಅಂಕಿಗಳು ಓದುಗನ ಮುಂದೆ ಹಾದುಹೋಗುತ್ತವೆಯೇ ಹೊರತು ಆ ಹಣದಿಂದ ಏನು ಬದಲಾಯಿತೆಂದು ಪರೀಕ್ಷಿಸಲು ಅವನಿಗೆ ದಾರಿ ತೋರಿಸುವುದಿಲ್ಲ. ಪ್ರೊಜೋರೊ ಆ ದಾರಿ ತೋರಿಸುತ್ತದೆ. ಅಂತಾರಾಷ್ಟ್ರೀಯ ಬೆಂಬಲದಲ್ಲಿ ಬೆಳೆದ, ಬಳಸಿ ನೋಡಬಹುದಾದ, ಗುಣದೋಷಗಳನ್ನು ಕಣ್ಣಾರೆ ಅಳೆಯಬಹುದಾದ ಸಾಧನ ಅದು.

ಅದು ಹುಟ್ಟಿದ ಬಗೆಯನ್ನು ತಿಳಿಯದೆ ಅದರ ಗುಣ ಅರ್ಥವಾಗುವುದಿಲ್ಲ. 2014ರ ಫೆಬ್ರುವರಿಯಲ್ಲಿ ಕೀವ್‌ನ ಮೈದಾನ್ ಚೌಕದ ಚಳವಳಿ ಅಧ್ಯಕ್ಷ ವಿಕ್ಟರ್ ಯಾನುಕೋವಿಚ್ ಅವರ ಆಡಳಿತವನ್ನು ಕೊನೆಗಾಣಿಸಿದಾಗ ಸರ್ಕಾರಿ ಖರೀದಿ ಇನ್ನೂ ಕಾಗದ ಮತ್ತು ಲಕೋಟೆಗಳ ಕಾಲದಲ್ಲಿತ್ತು. ಯಾರ ಲಕೋಟೆ ಸಮಯಕ್ಕೆ ತಲುಪಿತು, ಯಾರದು ತಲುಪಲಿಲ್ಲ, ಒಳಗಿದ್ದ ಯಾವ ಪುಟ ಕಾಣೆಯಾಯಿತು ಎಂಬುದೆಲ್ಲ ಕೋಣೆಯೊಳಗಿದ್ದವರಿಗೆ ಮಾತ್ರ ಗೊತ್ತಾಗುತ್ತಿತ್ತು. ಚಳವಳಿಯ ನಂತರ ಸ್ವಯಂಸೇವಕರ ಒಂದು ಗುಂಪು ಇದನ್ನು ಬದಲಾಯಿಸಲು ಹೊರಟಿತು. ಅದರ ಮುಂಚೂಣಿಯಲ್ಲಿದ್ದ ಒಲೆಕ್ಸಾಂಡರ್ ಸ್ಟಾರೊಡುಬ್ಟ್ಸೆವ್ ಮುಂದೆ ಆರ್ಥಿಕ ಸಚಿವಾಲಯದ ಖರೀದಿ ವಿಭಾಗಕ್ಕೆ ಬಂದರು. ಉಪಸಚಿವರಾಗಿ ಬಂದ ಮಾಕ್ಸಿಂ ನೆಫ್ಯೋದೊವ್ ಸರ್ಕಾರದೊಳಗಿನಿಂದ ಬೆನ್ನಿಗೆ ನಿಂತರು. 2010ರ ಕೊನೆಗೇ ಟೆಂಡರುಗಳನ್ನು ಪೂರ್ತಿಯಾಗಿ ವಿದ್ಯುನ್ಮಾನ ವ್ಯವಸ್ಥೆಗೆ ತಂದಿದ್ದ ಜಾರ್ಜಿಯಾದ ತಜ್ಞರ ಅನುಭವ ಇವರಿಗೆ ದೊರೆಯಿತು. ಒಂದು ಸೋವಿಯತ್ ಉತ್ತರ ದೇಶ ಕಲಿತದ್ದನ್ನು ಇನ್ನೊಂದಕ್ಕೆ ಕಲಿಸಿದ ಈ ನೆರವು ದೊಡ್ಡ ದಾನಿಗಳ ವರದಿಗಳಲ್ಲಿ ಹಿಂದೆ ಸರಿದುಬಿಡುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ಕಥೆಯಲ್ಲಿ ಅತ್ಯಂತ ಬೆಲೆಯುಳ್ಳ ನೆರವು ಅದೇ.

ಮೊದಲ ಬಂಡವಾಳ ವಿದೇಶದಿಂದ ಬರಲಿಲ್ಲ. ವ್ಯವಸ್ಥೆಯೊಡನೆ ಸೇರಲು ಒಪ್ಪಿದ ಖಾಸಗಿ ವ್ಯಾಪಾರ ವೇದಿಕೆಗಳೇ ಹಣ ಹಾಕಿ ಸುಮಾರು 35,000 ಡಾಲರು ಕೂಡಿಸಿದವು. 2015ರ ಫೆಬ್ರುವರಿಯಲ್ಲಿ ಪ್ರಾಯೋಗಿಕ ಖರೀದಿಗಳು ಆರಂಭವಾದವು. ಆಗ ಸರ್ಕಾರದ ಕೈಗೆ ಒಪ್ಪಿಸುವಷ್ಟು ನಂಬಿಕೆ ಯಾರಿಗೂ ಇರಲಿಲ್ಲವಾದ್ದರಿಂದ ಭ್ರಷ್ಟಾಚಾರದ ವಿರುದ್ಧ ಕೆಲಸ ಮಾಡುವ ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ ಸಂಸ್ಥೆಯ ಉಕ್ರೇನ್ ಘಟಕ ಅದನ್ನು ತನ್ನ ಸುಪರ್ದಿನಲ್ಲಿ ಇಟ್ಟುಕೊಂಡು, ಬೆಳೆಸಿ, ಆಮೇಲೆ ಸರ್ಕಾರಕ್ಕೆ ಹಸ್ತಾಂತರಿಸಿತು. ಐರೋಪ್ಯ ಪುನರ್ನಿರ್ಮಾಣ ಮತ್ತು ಅಭಿವೃದ್ಧಿ ಬ್ಯಾಂಕ್, ಅಮೆರಿಕದ ಹಣದಿಂದ ಸ್ಥಾಪಿತವಾದ ವೆಸ್ಟರ್ನ್ ಎನ್‌ಐಎಸ್ ಎಂಟರ್‌ಪ್ರೈಸ್ ಫಂಡ್, ಅಮೆರಿಕ ಮತ್ತು ಬ್ರಿಟನ್‌ಗಳ ಅಭಿವೃದ್ಧಿ ನೆರವು ಇವೆಲ್ಲ ಬಂದದ್ದು ಮಾದರಿಯೊಂದು ನಡೆಯುತ್ತಿದೆ ಎಂದು ಕಂಡ ಮೇಲೆ. 2015ರ ಡಿಸೆಂಬರ್ 25ರಂದು ಸಂಸತ್ತು ಹೊಸ ಖರೀದಿ ಕಾಯ್ದೆಯನ್ನು ಅಂಗೀಕರಿಸಿತು. 2016ರ ಏಪ್ರಿಲ್ 1ರಿಂದ ಕೇಂದ್ರ ಸರ್ಕಾರದ ಅಂಗಗಳಿಗೂ ದೊಡ್ಡ ಏಕಸ್ವಾಮ್ಯ ಉದ್ಯಮಗಳಿಗೂ, ಆಗಸ್ಟ್ 1ರಿಂದ ಎಲ್ಲ ಸರ್ಕಾರಿ ಖರೀದಿದಾರರಿಗೂ ವ್ಯವಸ್ಥೆ ಕಡ್ಡಾಯವಾಯಿತು.

ಈ ಅನುಕ್ರಮವನ್ನು ನಾನು ಒತ್ತಿ ಹೇಳಬಯಸುತ್ತೇನೆ. ಮೊದಲು ಸ್ಥಳೀಯರ ಯೋಚನೆ, ನಂತರ ಸಣ್ಣ ಹಣ, ನಂತರ ವಿದೇಶಿ ನೆರವು, ಕೊನೆಗೆ ಸಾಲದ ಷರತ್ತುಗಳ ಒತ್ತಡದಿಂದ ಬಂದ ಕಾಯ್ದೆಯ ಬಲ. ಐರೋಪ್ಯ ಒಕ್ಕೂಟದೊಡನೆ 2014ರಲ್ಲಿ ಸಹಿಯಾದ ಸಹಯೋಗ ಒಪ್ಪಂದ ಖರೀದಿ ನಿಯಮಗಳನ್ನು ಒಕ್ಕೂಟದ ಮಟ್ಟಕ್ಕೆ ತರಬೇಕೆಂದು ಕೇಳುತ್ತಿತ್ತು, 2016ರ ಮೇ ತಿಂಗಳಲ್ಲಿ ಉಕ್ರೇನ್ ವಿಶ್ವ ವ್ಯಾಪಾರ ಸಂಸ್ಥೆಯ ಸರ್ಕಾರಿ ಖರೀದಿ ಒಪ್ಪಂದಕ್ಕೆ ಸೇರಿತು. ಹೊರಗಿನ ಒಪ್ಪಂದಗಳು ಮಾತ್ರ ಇದ್ದು ಒಳಗಿನವರ ಕೆಲಸ ಇಲ್ಲದಿದ್ದರೆ ಯಾರೂ ಬಳಸದ ದುಬಾರಿ ತಂತ್ರಾಂಶವೊಂದು ಸಿದ್ಧವಾಗುತ್ತಿತ್ತು. ಒಳಗಿನವರ ಉತ್ಸಾಹ ಮಾತ್ರ ಇದ್ದು ಹೊರಗಿನ ಒತ್ತಡ ಇಲ್ಲದಿದ್ದರೆ, ಕಾಯ್ದೆಯ ಕರಡು ಸಂಸತ್ತಿನ ಯಾವುದೋ ಸಮಿತಿಯಲ್ಲಿ ಕೊಳೆಯುತ್ತಿತ್ತು.

ಇನ್ನು ಸೇವೆಯ ರಚನೆಗೆ ಬರೋಣ. ಎಲ್ಲ ಮಾಹಿತಿ ಒಂದೇ ಕೇಂದ್ರ ದತ್ತಸಂಚಯದಲ್ಲಿ ಇರುತ್ತದೆ, ಅದನ್ನು ಸರ್ಕಾರಿ ಸಂಸ್ಥೆ ನಿರ್ವಹಿಸುತ್ತದೆ. ಆದರೆ ಖರೀದಿದಾರರೂ ಗುತ್ತಿಗೆದಾರರೂ ನೇರವಾಗಿ ಅದರೊಳಗೆ ಹೋಗುವುದಿಲ್ಲ. ಮಾನ್ಯತೆ ಪಡೆದ ಹಲವು ಖಾಸಗಿ ವೇದಿಕೆಗಳ ಪೈಕಿ ತಮಗಿಷ್ಟವಾದ ಒಂದರ ಮೂಲಕ ಹೋಗುತ್ತಾರೆ. ಒಂದು ವೇದಿಕೆಯಲ್ಲಿ ಪ್ರಕಟವಾದ ಟೆಂಡರು ಎಲ್ಲ ವೇದಿಕೆಗಳಲ್ಲೂ ಕಾಣುತ್ತದೆ. ಹೀಗಾಗಿ ಸೇವೆಯ ಗುಣಮಟ್ಟಕ್ಕಾಗಿ ವೇದಿಕೆಗಳು ಪರಸ್ಪರ ಪೈಪೋಟಿ ನಡೆಸಬೇಕು, ಆದರೆ ಮಾಹಿತಿಯನ್ನು ಯಾವ ವೇದಿಕೆಯೂ ಬಚ್ಚಿಡಲಾರದು. ಆರಂಭದ ದರಪಟ್ಟಿಯಲ್ಲಿ ಒಂದು ಬಿಡ್ ಸಲ್ಲಿಸುವ ಶುಲ್ಕ ಖರೀದಿಯ ಅಂದಾಜು ಮೌಲ್ಯಕ್ಕೆ ತಕ್ಕಂತೆ 17 ಹ್ರಿವ್ನಿಯಾದಿಂದ (ಹ್ರಿವ್ನಿಯಾ ಉಕ್ರೇನಿನ ನಾಣ್ಯ) 1,700 ಹ್ರಿವ್ನಿಯಾದವರೆಗೆ ಇತ್ತು. ಸಣ್ಣ ವ್ಯಾಪಾರಿಯನ್ನು ಬಾಗಿಲಲ್ಲೇ ತಡೆಯುವಷ್ಟು ದೊಡ್ಡ ಮೊತ್ತ ಅದಲ್ಲ. ತಂತ್ರಾಂಶದ ಮೂಲಸಂಕೇತ ಮುಕ್ತವಾಗಿದೆ. ಮಾಹಿತಿಯ ವಿನ್ಯಾಸ ಮುಕ್ತ ಗುತ್ತಿಗೆಯ ಅಂತಾರಾಷ್ಟ್ರೀಯ ಮಾನದಂಡಕ್ಕೆ ಹೊಂದುತ್ತದೆ. ಇದರಿಂದ ಸಂಶೋಧಕರು ಇಡೀ ದತ್ತಾಂಶವನ್ನು ಇಳಿಸಿಕೊಂಡು ತಮ್ಮದೇ ವಿಶ್ಲೇಷಣೆ ಮಾಡಬಹುದು.

ವ್ಯವಸ್ಥೆಯ ಹೃದಯ ಅದರ ಇಳಿಹರಾಜು. ಬಿಡ್ ಸಲ್ಲಿಸುವ ಅವಧಿ ಮುಗಿಯುವವರೆಗೆ ಯಾರು ಸ್ಪರ್ಧಿಸುತ್ತಿದ್ದಾರೆಂಬುದು ಖರೀದಿದಾರನಿಗೂ ಕಾಣುವುದಿಲ್ಲ. ನಿಗದಿಯಾದ ದಿನ ಹರಾಜು ಮೂರು ಸುತ್ತುಗಳಲ್ಲಿ ನಡೆಯುತ್ತದೆ. ಮೊದಲ ದರಗಳು ಹೆಸರಿಲ್ಲದೆ ಪರದೆಯ ಮೇಲೆ ಮೂಡುತ್ತವೆ. ಪ್ರತಿಯೊಬ್ಬರಿಗೂ ದರ ಇಳಿಸಲು ಕೆಲವೇ ನಿಮಿಷಗಳ ಸರದಿ ಬರುತ್ತದೆ. ಹೆಚ್ಚು ದರ ಹೇಳಿದವನು ಮೊದಲು, ಕಡಿಮೆ ದರ ಹೇಳಿದವನು ಕೊನೆಗೆ ತನ್ನ ಸರದಿ ಪಡೆಯುತ್ತಾನೆ. ಕೊನೆಯ ಮಾತು ಆಡುವ ಅವಕಾಶಕ್ಕೆ ಬೆಲೆಯಿರುವುದರಿಂದ ಮೊದಲ ಬಿಡ್‌ನಲ್ಲೇ ಪ್ರಾಮಾಣಿಕ ದರ ಹೇಳಲು ಇದು ಪ್ರೇರಣೆಯಾಗುತ್ತದೆ. ಹರಾಜು ಮುಗಿದ ಕೂಡಲೇ ಹೆಸರುಗಳು, ದಾಖಲೆಗಳು ಮತ್ತು ಸುತ್ತು ಸುತ್ತಿನ ದರಗಳು ಎಲ್ಲರಿಗೂ ತೆರೆದುಕೊಳ್ಳುತ್ತವೆ. ಹರಾಜು ನಡೆಯುವಾಗ ಪ್ರೇಕ್ಷಕನಾಗಿ ನೋಡಲೂ ಅವಕಾಶವಿದೆ. ಸೋತವನು ಗೆದ್ದವನ ದಾಖಲೆಗಳನ್ನು ಪುಟ ಪುಟವಾಗಿ ಓದಬಲ್ಲ ಎಂಬುದೇ ಇಲ್ಲಿನ ದೊಡ್ಡ ಕಾವಲು. ತಪ್ಪು ಹುಡುಕಲು ಅವನಷ್ಟು ಆಸಕ್ತಿಯುಳ್ಳವರು ಬೇರೆ ಯಾರೂ ಇರಲಾರರು.

ತಪ್ಪು ಸಿಕ್ಕರೆ ಅವನು ಏಕಸ್ವಾಮ್ಯ ವಿರೋಧಿ ಸಮಿತಿಗೆ ಅದೇ ವ್ಯವಸ್ಥೆಯ ಮೂಲಕ ಮೇಲ್ಮನವಿ ಸಲ್ಲಿಸಬಹುದು. 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಪರಿಷ್ಕೃತ ಕಾಯ್ದೆಯಂತೆ ಮೇಲ್ಮನವಿಯ ಶುಲ್ಕ ಖರೀದಿಯ ಮೌಲ್ಯಕ್ಕೆ ಅನುಗುಣವಾಗಿ ಏರುತ್ತದೆ, ಮನವಿ ಎತ್ತಿಹಿಡಿಯಲ್ಪಟ್ಟರೆ ಹಣ ವಾಪಸಾಗುತ್ತದೆ. ಸುಮ್ಮನೆ ಕಾಮಗಾರಿಯನ್ನು ತಡೆಯಲೆಂದೇ ದೂರು ಕೊಟ್ಟು ಬೆದರಿಸುವವರ ಹಾವಳಿ ಇದ್ದುದರಿಂದ ಶುಲ್ಕ ಬೇಕೇ ಬೇಕಿತ್ತು ಎಂಬ ವಾದವನ್ನು ಒಪ್ಪಬಹುದು. ಅದೇ ಕಾಯ್ದೆ ತಂದ ಇನ್ನೊಂದು ಸುಧಾರಣೆ ಗುತ್ತಿಗೆದಾರರಿಗೆ ನಿಜವಾಗಿಯೂ ಉಪಕಾರಿ: ದಾಖಲೆಗಳಲ್ಲಿ ಕೊರತೆ ಕಂಡುಬಂದರೆ ಅದನ್ನು ಸರಿಪಡಿಸಲು 24 ಗಂಟೆಗಳ ಅವಕಾಶ ಕೊಡಬೇಕು. ಮೊದಲಾದರೆ ಒಂದು ಸಹಿ ತಪ್ಪಿದ ನೆಪವೊಡ್ಡಿ ಕಡಿಮೆ ದರದವನನ್ನು ಹೊರಹಾಕುವುದು ಸುಲಭವಿತ್ತು. ಅಸಹಜವಾಗಿ ಕಡಿಮೆ ದರ ಹೇಳಿದವನು ಅದಕ್ಕೆ ಸಮರ್ಥನೆ ಒದಗಿಸಬೇಕೆಂಬ ನಿಯಮವೂ ಆಗಲೇ ಬಂತು.

ನಾಗರಿಕನ ಕಣ್ಣಿನಿಂದ ನೋಡಿದರೆ ಜಾಲತಾಣದ ಬಳಕೆ ಸರಳವಾಗಿಯೇ ಇದೆ. ಪ್ರತಿ ಟೆಂಡರಿಗೂ ದೇಶದ ಸಂಕೇತ, ದಿನಾಂಕ ಮತ್ತು ಕ್ರಮಸಂಖ್ಯೆಗಳನ್ನು ಒಳಗೊಂಡ ಗುರುತು ಇರುತ್ತದೆ. ಸಂಸ್ಥೆಯ ನೋಂದಣಿ ಸಂಖ್ಯೆ, ವಸ್ತುವಿನ ವರ್ಗ, ಪ್ರದೇಶ, ಮೊತ್ತ ಇವುಗಳಿಂದ ಹುಡುಕಬಹುದು. ಟೆಂಡರಿನ ಪುಟದಲ್ಲಿ ಅಂದಾಜು ಮೌಲ್ಯ, ಷರತ್ತುಗಳು, ಆಸಕ್ತರು ಕೇಳಿದ ಪ್ರಶ್ನೆಗಳು, ಕೊಟ್ಟ ಉತ್ತರಗಳು, ದೂರುಗಳು, ತೀರ್ಪುಗಳು, ಕರಾರು ಎಲ್ಲವೂ ಒಂದರ ಕೆಳಗೊಂದು ಬರುತ್ತವೆ. ಬದಲಾಯಿಸಿದ ದಾಖಲೆಯ ಹಳೆಯ ಆವೃತ್ತಿಯೂ ಅಲ್ಲೇ ಉಳಿಯುತ್ತದೆ. ಪ್ರತ್ಯೇಕ ಟೆಂಡರುಗಳನ್ನು ಬಿಟ್ಟು ಇಡೀ ಚಿತ್ರ ಬೇಕಾದವರಿಗೆ ವಿಶ್ಲೇಷಣೆಯ ಘಟಕವೊಂದಿದೆ: ಒಂದು ಜಿಲ್ಲೆಯ ಆಸ್ಪತ್ರೆಗಳು ಒಂದೇ ವಸ್ತುವಿಗೆ ಕೊಟ್ಟ ಬೆಲೆಗಳನ್ನು ಹೋಲಿಸುವುದು, ಒಬ್ಬನೇ ಸ್ಪರ್ಧಿಯಿದ್ದ ಖರೀದಿಗಳನ್ನು ಬೇರ್ಪಡಿಸುವುದು ಇದರಿಂದ ಸಾಧ್ಯ. ಪತ್ರಕರ್ತರಿಗೆ ಈ ಘಟಕವೊಂದೇ ಸಾಕಷ್ಟು ಕೆಲಸ ಕೊಡಬಲ್ಲದು.

ಕೊರತೆಗಳೂ ಇವೆ. ಜಾಲತಾಣದ ಮುಖಪುಟಕ್ಕೆ ಇಂಗ್ಲಿಷ್ ಆವೃತ್ತಿಯಿದ್ದರೂ ಷರತ್ತು, ತಾಂತ್ರಿಕ ವಿವರಣೆ, ಕರಾರುಗಳು ಬಹುಮಟ್ಟಿಗೆ ಉಕ್ರೇನಿಯನ್ ಭಾಷೆಯಲ್ಲೇ ಇರುತ್ತವೆ. ಅದು ಸಹಜ, ಆದರೆ ಅವುಗಳಲ್ಲಿ ಎಷ್ಟೋ ದಾಖಲೆಗಳು ಕಾಗದವನ್ನು ಸ್ಕ್ಯಾನ್ ಮಾಡಿ ಏರಿಸಿದ ಚಿತ್ರಗಳು. ಚಿತ್ರದೊಳಗಿನ ಅಕ್ಷರಗಳನ್ನು ಹುಡುಕಲಾಗುವುದಿಲ್ಲ, ಯಂತ್ರಾನುವಾದಕ್ಕೆ ಕೊಡಲೂ ಕಷ್ಟ. ಒಟ್ಟು ಬೆಲೆ ತಕ್ಷಣ ಸಿಗುತ್ತದೆ, ಆದರೆ ಪ್ರತಿ ವಸ್ತುವಿನ ಬಿಡಿ ದರ ತಿಳಿಯಲು ಅನುಬಂಧದ ಮಸುಕಾದ ಪುಟಗಳಿಗೆ ಇಳಿಯಬೇಕಾಗುತ್ತದೆ. ಇಷ್ಟೊಂದು ಮುಕ್ತವಾದ ವ್ಯವಸ್ಥೆಯಲ್ಲಿ ನಿಜಾಂಶ ಹೀಗೆ ಕೊನೆಯ ಪುಟದಲ್ಲಿ ಅಡಗಿ ಕೂರುವುದು ಬೇಸರ ತರಿಸುತ್ತದೆ.

ಕಂಡದ್ದನ್ನು ಹೇಳಲು ಒಂದು ಜಾಗ ಬೇಕಿತ್ತು. 2016ರ ನವೆಂಬರ್‌ನಲ್ಲಿ ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ ಉಕ್ರೇನ್ ಆರಂಭಿಸಿದ ಡೊಜೋರೊ ಆ ಜಾಗ. ಟೆಂಡರಿನ ಷರತ್ತು ಒಬ್ಬನಿಗಾಗಿಯೇ ಬರೆದಂತಿದೆ ಎಂದೋ, ಬೆಲೆ ಮಾರುಕಟ್ಟೆಗಿಂತ ಹೆಚ್ಚಿದೆ ಎಂದೋ ಯಾರಾದರೂ ಅಲ್ಲಿ ಬರೆಯಬಹುದು; ದೇಶದ ನಾನಾ ಭಾಗಗಳ ನಾಗರಿಕ ಸಂಘಟನೆಗಳು ಅದನ್ನು ಪರಿಶೀಲಿಸಿ ಖರೀದಿದಾರನಿಗೆ, ಲೆಕ್ಕಪರಿಶೋಧನಾ ಇಲಾಖೆಗೆ, ಅಗತ್ಯವಿದ್ದರೆ ಪೊಲೀಸರಿಗೆ ಪತ್ರ ಬರೆಯುತ್ತವೆ. ಸಂಶಯಾಸ್ಪದ ಟೆಂಡರುಗಳನ್ನು ಗುರುತಿಸುವ ಸ್ವಯಂಚಾಲಿತ ಸೂಚಕಗಳೂ ಮುಂದೆ ಸೇರಿಕೊಂಡವು. ಈ ಕೆಲಸಕ್ಕೆ ತಾಳ್ಮೆ ಬೇಕು, ಕಾನೂನು ಜ್ಞಾನ ಬೇಕು, ತಿಂಗಳ ಸಂಬಳವೂ ಬೇಕು. ಆ ಸಂಬಳದ ದೊಡ್ಡ ಪಾಲು ವಿದೇಶಿ ನೆರವಿನಿಂದ ಬರುತ್ತಿತ್ತು ಎಂಬುದನ್ನು ನೆನಪಿಡಬೇಕು, ಏಕೆಂದರೆ ಮುಂದೆ ಅದೇ ದೌರ್ಬಲ್ಯವಾಯಿತು.

ವ್ಯವಸ್ಥೆಯನ್ನು ವಂಚಿಸುವ ದಾರಿಗಳನ್ನು ಮರೆಮಾಚಿದರೆ ಈ ವಿಮರ್ಶೆ ಅಪ್ರಾಮಾಣಿಕವಾಗುತ್ತದೆ. ಯುದ್ಧಪೂರ್ವದ ನಿಯಮದಂತೆ ಸರಕು ಮತ್ತು ಸೇವೆಗೆ 2,00,000 ಹ್ರಿವ್ನಿಯಾ, ಕಾಮಗಾರಿಗೆ 15 ಲಕ್ಷ ಹ್ರಿವ್ನಿಯಾ ದಾಟಿದರೆ ಮುಕ್ತ ಟೆಂಡರು ಕಡ್ಡಾಯವಾಗಿತ್ತು. ಆದ್ದರಿಂದ ಮಿತಿಗಿಂತ ಒಂದು ಕೂದಲೆಳೆ ಕೆಳಗಿನ ಮೊತ್ತಗಳಿಗೆ ಖರೀದಿಯನ್ನು ಒಡೆದು ತುಂಡು ಗುತ್ತಿಗೆ ಮಾಡುವ ಚಾಳಿ ಹುಟ್ಟಿಕೊಂಡಿತು. ಯಂತ್ರದ ತಾಂತ್ರಿಕ ವಿವರಣೆಯನ್ನು ಒಂದೇ ತಯಾರಕನ ಯಂತ್ರಕ್ಕೆ ಹೊಂದುವಂತೆ ಬರೆಯುವುದು, ಒಂದೇ ಕುಟುಂಬಕ್ಕೆ ಸೇರಿದ ಎರಡು ಸಂಸ್ಥೆಗಳು ಸ್ಪರ್ಧಿಗಳಂತೆ ಬಂದು ಹರಾಜಿನಲ್ಲಿ ಸುಮ್ಮನೆ ಕೂರುವುದು, ಅತಿ ಕಡಿಮೆ ದರಕ್ಕೆ ಗೆದ್ದು ಕಳಪೆ ಮಾಲು ಪೂರೈಸುವುದು, ಇವನ್ನೆಲ್ಲ ಡೊಜೋರೊ ತಂಡಗಳು ಮತ್ತೆ ಮತ್ತೆ ಎದುರಿಸಿವೆ.

ಇವೆಲ್ಲಕ್ಕಿಂತ ಚತುರವಾದದ್ದು ತಿದ್ದುಪಡಿಯ ಮೋಸ. ಮಾರುಕಟ್ಟೆಯಲ್ಲಿ ಬೆಲೆ ಏರಿದರೆ ಕರಾರಿನ ಬಿಡಿ ದರವನ್ನು ಶೇ. 10ರವರೆಗೆ ಹೆಚ್ಚಿಸಲು ಕಾಯ್ದೆ ಅವಕಾಶ ಕೊಟ್ಟಿತ್ತು. ವಿದ್ಯುತ್, ಅನಿಲ ಮತ್ತು ಇಂಧನ ಪೂರೈಸುವ ಕೆಲವರು ಹರಾಜಿನಲ್ಲಿ ನಷ್ಟದ ದರ ಹೇಳಿ ಗೆದ್ದು, ಕರಾರಾದ ಮೇಲೆ ಶೇ. 10ರಂತೆ ಒಂದಾದ ಮೇಲೊಂದು ತಿದ್ದುಪಡಿ ಮಾಡಿಸಿಕೊಂಡು, ಸೋತವರು ಹೇಳಿದ್ದಕ್ಕಿಂತ ಎತ್ತರದ ದರಕ್ಕೆ ಮುಟ್ಟಿಸುತ್ತಿದ್ದರು. ಶಾಲೆಯೋ ಆಸ್ಪತ್ರೆಯೋ ಅಷ್ಟೇ ಹಣಕ್ಕೆ ಕಡಿಮೆ ವಿದ್ಯುತ್ ಪಡೆಯುತ್ತಿತ್ತು. 2024ರ ಜನವರಿಯಲ್ಲಿ ಉಕ್ರೇನಿನ ಸರ್ವೋಚ್ಚ ನ್ಯಾಯಾಲಯದ ಮಹಾಪೀಠ, ಎಷ್ಟೇ ತಿದ್ದುಪಡಿಗಳಾದರೂ ಒಟ್ಟು ಏರಿಕೆ ಮೂಲ ದರದ ಶೇ. 10ನ್ನು ಮೀರುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಪ್ರತಿಯೊಂದು ತಿದ್ದುಪಡಿಯೂ ಪ್ರೊಜೋರೊದಲ್ಲಿ ದಿನಾಂಕ ಸಮೇತ ಉಳಿದಿದ್ದರಿಂದಲೇ ಈ ಮೋಸದ ಲೆಕ್ಕವನ್ನು ಯಾರು ಬೇಕಾದರೂ ಹಾಕಬಹುದಾಗಿತ್ತು. ಆದರೂ ಸ್ಪಷ್ಟವಾದ ಒಂದು ತೀರ್ಪು ಬರಲು ಹಿಡಿದ ಕಾಲವನ್ನು ನೋಡಿದರೆ ಕಾಣುವುದಕ್ಕೂ ಸರಿಪಡಿಸುವುದಕ್ಕೂ ನಡುವಿನ ಅಂತರ ಅರಿವಾಗುತ್ತದೆ.

ಅಂತಾರಾಷ್ಟ್ರೀಯ ಬೆಂಬಲದ ಇನ್ನೊಂದು ಭಾಗ ಈ ಅಂತರವನ್ನು ತುಂಬಲೆಂದೇ ಬಂದದ್ದು. ಭ್ರಷ್ಟಾಚಾರ ನಿಗ್ರಹ ರಾಷ್ಟ್ರೀಯ ದಳ 2015ರಲ್ಲಿ ಸ್ಥಾಪನೆಯಾಯಿತು. ಅದರ ಪ್ರಕರಣಗಳು ಹಳೆಯ ನ್ಯಾಯಾಲಯಗಳಲ್ಲಿ ನೆನೆಗುದಿಗೆ ಬಿದ್ದಾಗ ಹಣಕಾಸು ನಿಧಿ ಮತ್ತು ಐರೋಪ್ಯ ಒಕ್ಕೂಟಗಳ ಒತ್ತಾಯದಿಂದ ಪ್ರತ್ಯೇಕ ಉನ್ನತ ಭ್ರಷ್ಟಾಚಾರ ವಿರೋಧಿ ನ್ಯಾಯಾಲಯ 2019ರಲ್ಲಿ ಕೆಲಸ ಆರಂಭಿಸಿತು. ಅದರ ನ್ಯಾಯಾಧೀಶರ ಆಯ್ಕೆಯಲ್ಲಿ ವಿದೇಶಿ ತಜ್ಞರ ಮಂಡಳಿಗೆ ಅನರ್ಹರನ್ನು ತಡೆಯುವ ಅಧಿಕಾರವಿತ್ತು. 2025ರ ಜುಲೈನಲ್ಲಿ ದಳದ ಸ್ವಾಯತ್ತತೆಯನ್ನು ಮೊಟಕುಗೊಳಿಸುವ ಕಾಯ್ದೆ ತರಾತುರಿಯಲ್ಲಿ ಅಂಗೀಕಾರವಾದಾಗ, ಯುದ್ಧದ ನಡುವೆಯೂ ಜನ ಬೀದಿಗಿಳಿದರು, ಐರೋಪ್ಯ ಒಕ್ಕೂಟ ಆಕ್ಷೇಪಿಸಿತು, ಕೆಲವೇ ದಿನಗಳಲ್ಲಿ ಸಂಸತ್ತು ಆ ಸ್ವಾಯತ್ತತೆಯನ್ನು ಮರಳಿ ಕೊಡಬೇಕಾಯಿತು. ಹೊರಗಿನವರ ಷರತ್ತಿಗೆ ಬಲ ಬಂದದ್ದು ಒಳಗಿನವರ ಪ್ರತಿಭಟನೆಯಿಂದ ಎಂಬುದನ್ನು ಇಲ್ಲೂ ಗಮನಿಸಬಹುದು.

ಕೊಳ್ಳುವ ವ್ಯವಸ್ಥೆಯ ಜೊತೆಗೆ ಮಾರುವ ವ್ಯವಸ್ಥೆಯೂ ಬೆಳೆಯಿತು. 2014ರ ನಂತರದ ಬ್ಯಾಂಕುಗಳ ಶುದ್ಧೀಕರಣದಲ್ಲಿ 80ಕ್ಕೂ ಹೆಚ್ಚು ಬ್ಯಾಂಕುಗಳು ಮುಚ್ಚಿದವು. ಅವುಗಳ ಆಸ್ತಿ ಮತ್ತು ಸಾಲಪತ್ರಗಳನ್ನು ಠೇವಣಿ ಖಾತರಿ ನಿಧಿ ಮಾರಬೇಕಿತ್ತು. ಅದಕ್ಕಾಗಿ 2016ರಲ್ಲಿ ಆರಂಭವಾದ ಪ್ರೊಜೋರೊ.ಸೇಲ್ ಮುಂದೆ ಸಣ್ಣ ಸರ್ಕಾರಿ ಉದ್ಯಮಗಳ ಖಾಸಗೀಕರಣಕ್ಕೂ ಸರ್ಕಾರಿ ಕಟ್ಟಡಗಳ ಬಾಡಿಗೆಗೂ ಹರಡಿತು. ಕೀವ್‌ನ ನಡುಮಧ್ಯದಲ್ಲಿರುವ ಸೋವಿಯತ್ ಕಾಲದ ದ್ನಿಪ್ರೊ ಹೋಟೆಲನ್ನು 2020ರ ಜುಲೈನಲ್ಲಿ ಇದೇ ವೇದಿಕೆಯಲ್ಲಿ ಹರಾಜಿಗಿಟ್ಟಾಗ ಸುಮಾರು 8 ಕೋಟಿ ಹ್ರಿವ್ನಿಯಾದಿಂದ ಶುರುವಾದ ಕೂಗು 111 ಕೋಟಿ ಹ್ರಿವ್ನಿಯಾ ಮುಟ್ಟಿತು. ಸರ್ಕಾರಿ ಆಸ್ತಿ ಪರಿಚಿತರ ಕೈಗೆ ಕಡಿಮೆ ಬೆಲೆಗೆ ಹೋದ 1990ರ ದಶಕವನ್ನು ಕಂಡ ಜನರಿಗೆ ಆ ಹರಾಜನ್ನು ನೇರವಾಗಿ ನೋಡಲು ಸಿಕ್ಕಿತು ಎಂಬುದೇ ಒಂದು ಸುಧಾರಣೆ.

ಔಷಧ ಖರೀದಿಯಲ್ಲಿ ನೆರವು ಬೇರೆ ರೂಪ ತಾಳಿತು. ಕ್ಷಯ, ಎಚ್‌ಐವಿ, ಕ್ಯಾನ್ಸರ್ ಔಷಧಗಳ ಕೇಂದ್ರೀಯ ಖರೀದಿ ಮಧ್ಯವರ್ತಿಗಳ ಹಿಡಿತದಲ್ಲಿದ್ದುದರಿಂದ 2015ರಲ್ಲಿ ಉಕ್ರೇನ್ ಆ ಕೆಲಸವನ್ನೇ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ, ಯುನಿಸೆಫ್ ಮತ್ತು ಬ್ರಿಟನ್ನಿನ ಖರೀದಿ ಸಂಸ್ಥೆ ಕ್ರೌನ್ ಏಜೆಂಟ್ಸ್‌ಗೆ ವಹಿಸಿತು. ಸಾರ್ವಭೌಮ ದೇಶವೊಂದು ತನ್ನ ಖರೀದಿಯ ಅಧಿಕಾರವನ್ನು ಹೀಗೆ ಬಿಟ್ಟುಕೊಡುವುದು ಕಹಿ ಗುಳಿಗೆ. ಆದರೆ ಅದು ತಾತ್ಕಾಲಿಕವೆಂದು ಮೊದಲೇ ತೀರ್ಮಾನವಾಗಿತ್ತು. 2018ರಲ್ಲಿ ಸ್ಥಾಪನೆಯಾದ ಸರ್ಕಾರಿ ವೈದ್ಯಕೀಯ ಖರೀದಿ ಸಂಸ್ಥೆ ಹಂತಹಂತವಾಗಿ ಆ ಕೆಲಸವನ್ನು ವಹಿಸಿಕೊಂಡು ಪ್ರೊಜೋರೊ ಮೂಲಕ ನಡೆಸತೊಡಗಿತು. ಹೊರಗಿನವರು ಯಾವಾಗ ಹೊರಡಬೇಕೆಂಬುದು ಮೊದಲೇ ಸ್ಪಷ್ಟವಾಗಿದ್ದ ಇಂಥ ಉದಾಹರಣೆಗಳು ವಿರಳ.

2022ರ ಫೆಬ್ರುವರಿಯಲ್ಲಿ ರಷ್ಯಾ ಪೂರ್ಣ ಪ್ರಮಾಣದ ದಾಳಿ ನಡೆಸಿದಾಗ ವ್ಯವಸ್ಥೆ ಅತಿ ಕಠಿಣ ಪರೀಕ್ಷೆಗೆ ಒಳಗಾಯಿತು. ಫೆಬ್ರುವರಿ 28ರ ಆದೇಶದಿಂದ ಸರ್ಕಾರ ನೇರ ಖರೀದಿಗೆ ಅನುಮತಿ ಕೊಟ್ಟಿತು. ಬಾಂಬು ಬೀಳುತ್ತಿದ್ದಾಗ ಬ್ರೆಡ್ಡಿಗೂ ಬ್ಯಾಂಡೇಜಿಗೂ ವಾರಗಟ್ಟಲೆ ಟೆಂಡರು ನಡೆಸಲಾಗದು ಎಂಬುದರಲ್ಲಿ ವಿವಾದವಿಲ್ಲ. ಮೆಚ್ಚಬೇಕಾದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ, ಯುದ್ಧ ನಡೆಯುತ್ತಿರುವಾಗಲೇ, ಸ್ಪರ್ಧಾತ್ಮಕ ಟೆಂಡರನ್ನು ಮತ್ತೆ ಸಾಮಾನ್ಯ ನಿಯಮವಾಗಿ ತಂದದ್ದು. ಸೇನೆಗೆ ಸಂಬಂಧಿಸಿದ್ದು, ದಾಳಿಗೆ ಗುರಿಯಾಗಬಹುದಾದ ವಿಳಾಸ ಮುಂತಾದ ವಿವರಗಳನ್ನು ಮಾತ್ರ ಮರೆಯಲ್ಲಿಡಲಾಯಿತು.

ಮರೆಯಲ್ಲಿಟ್ಟ ಭಾಗದಲ್ಲೇ ಹಗರಣ ಹೊರಬಿತ್ತು. 2023ರ ಜನವರಿಯಲ್ಲಿ ಪತ್ರಿಕೆಯೊಂದು ರಕ್ಷಣಾ ಸಚಿವಾಲಯದ 1,300 ಕೋಟಿ ಹ್ರಿವ್ನಿಯಾ ಮೀರಿದ ಆಹಾರ ಕರಾರನ್ನು ಬಯಲಿಗೆಳೆಯಿತು; ಕೀವ್‌ನ ಅಂಗಡಿಯಲ್ಲಿ ಸುಮಾರು 7 ಹ್ರಿವ್ನಿಯಾಕ್ಕೆ ಸಿಗುತ್ತಿದ್ದ ಮೊಟ್ಟೆಗೆ ಅದರಲ್ಲಿ 17 ಹ್ರಿವ್ನಿಯಾ ನಮೂದಾಗಿತ್ತು. ಪೂರೈಕೆಯ ಹೊಣೆ ಹೊತ್ತಿದ್ದ ಉಪಸಚಿವರು ರಾಜೀನಾಮೆ ಕೊಟ್ಟರು. ಸೇನೆಗಾಗಿ ಕೊಳ್ಳುವ ಆಹಾರ, ಬಟ್ಟೆಯಂಥ ಸಾಮಗ್ರಿಗಳ ಬೆಲೆಯನ್ನು ಪ್ರಕಟಿಸಬೇಕೆಂದು ಸಂಸತ್ತು ಕಾಯ್ದೆ ಮಾಡಿತು; ಮುಂದೆ ಇಂಥ ಖರೀದಿಗಾಗಿ ರಚನೆಯಾದ ಪ್ರತ್ಯೇಕ ಸರ್ಕಾರಿ ಸಂಸ್ಥೆ ಪ್ರೊಜೋರೊವನ್ನೇ ಬಳಸತೊಡಗಿತು. ವರ್ಷಗಳಿಂದ ಪ್ರೊಜೋರೊದಲ್ಲಿ ಬೆಲೆ ನೋಡಿ ರೂಢಿಯಾಗಿದ್ದ ಸಮಾಜಕ್ಕೆ ಆ ಮೊಟ್ಟೆಯ ದರ ಅಷ್ಟು ಸಿಟ್ಟು ತರಿಸಿತು ಎಂದು ನಾನು ನಂಬುತ್ತೇನೆ. ಬೆಲೆ ತಿಳಿಯುವುದು ತನ್ನ ಹಕ್ಕು ಎಂದು ಜನ ಭಾವಿಸತೊಡಗಿದ್ದು ಈ ಸೇವೆಯ ಅಳತೆಗೆ ಸಿಗದ ಫಲ.

ನೆರವು ಕೊಡುವವರ ಕಡೆಯ ಲೋಪಗಳನ್ನೂ ಹೇಳಬೇಕು. ವಿಶ್ವ ಬ್ಯಾಂಕು, ಅಭಿವೃದ್ಧಿ ಬ್ಯಾಂಕುಗಳು ಮತ್ತು ದಾನಿ ದೇಶಗಳು ತಮ್ಮ ಹಣದ ಖರೀದಿಗೆ ತಮ್ಮದೇ ನಿಯಮಗಳನ್ನು ಇಟ್ಟುಕೊಂಡಿವೆ. ಉಕ್ರೇನ್ ತನ್ನ ಪ್ರತಿಯೊಂದು ಹ್ರಿವ್ನಿಯಾವನ್ನೂ ತೆರೆದಿಡಬೇಕೆಂದು ಕೇಳುವವರು ತಾವು ಮಾಡಿದ ಖರೀದಿಯನ್ನು ಅದೇ ಹುಡುಕಾಟದಲ್ಲಿ ಸಿಗುವಂತೆ ಇಡುವುದು ನ್ಯಾಯ. ಎರಡನೆಯದು ನೆರವಿನ ಅಸ್ಥಿರತೆ. 2025ರ ಆರಂಭದಲ್ಲಿ ಅಮೆರಿಕದ ಹೊಸ ಆಡಳಿತ ತನ್ನ ವಿದೇಶಿ ನೆರವಿನ ಸಂಸ್ಥೆಯಾದ ಯುಎಸ್‌ಎಐಡಿ ಮೂಲಕ ಹೋಗುತ್ತಿದ್ದ ನೆರವನ್ನು ದಿಢೀರನೆ ನಿಲ್ಲಿಸಿದಾಗ ಉಕ್ರೇನಿನ ನಾಗರಿಕ ಸಂಘಟನೆಗಳೂ ಸ್ವತಂತ್ರ ಮಾಧ್ಯಮಗಳೂ ಸಿಬ್ಬಂದಿಯನ್ನು ಕಳೆದುಕೊಂಡವು. ಪ್ರೊಜೋರೊ ನಿಲ್ಲಲಿಲ್ಲ, ಏಕೆಂದರೆ ಅದು ತನ್ನ ಶುಲ್ಕದ ಆದಾಯದ ಮೇಲೆ ನಿಂತಿದೆ. ಪೆಟ್ಟು ಬಿದ್ದದ್ದು ಅದರೊಳಗಿನ ಮಾಹಿತಿಯನ್ನು ಓದಿ ದೂರು ಬರೆಯುವವರ ಮೇಲೆ. ತಂತ್ರಾಂಶಕ್ಕೆ ಸ್ಥಿರ ಆದಾಯದ ದಾರಿ ಹುಡುಕಿದ ಜಾಣ್ಮೆಯನ್ನು ಕಾವಲುಗಾರರ ವಿಷಯದಲ್ಲೂ ತೋರಿಸಬೇಕಿತ್ತು.

ನೆರೆಯ ಮೊಲ್ಡೊವಾ ಇದೇ ಮಾದರಿಯಲ್ಲಿ, ಐರೋಪ್ಯ ಪುನರ್ನಿರ್ಮಾಣ ಮತ್ತು ಅಭಿವೃದ್ಧಿ ಬ್ಯಾಂಕಿನ ಸಹಾಯದಿಂದಲೇ, ಎಂಟೆಂಡರ್ ಎಂಬ ವ್ಯವಸ್ಥೆಯನ್ನು ಕಟ್ಟಿಕೊಂಡಿತು. ಅಲ್ಲಿ ಅದು ಇಷ್ಟು ಗಟ್ಟಿಯಾಗಿ ಬೇರೂರಲಿಲ್ಲ. ತಂತ್ರಾಂಶದ ಮೂಲಸಂಕೇತವನ್ನು ನಕಲು ಮಾಡಬಹುದು. ಅದರ ಸುತ್ತ ಕೆಲಸ ಮಾಡುವ ಸ್ವಯಂಸೇವಕರು, ಪತ್ರಕರ್ತರು, ಸೋತರೂ ಬಿಡದ ಗುತ್ತಿಗೆದಾರರು ಆಯಾ ದೇಶದಲ್ಲೇ ಹುಟ್ಟಬೇಕು.

ಮುಂದಿನ ಹೊರೆ ಇದುವರೆಗಿನ ಎಲ್ಲಕ್ಕಿಂತ ಭಾರವಾದದ್ದು. ಉಕ್ರೇನ್ ಸರ್ಕಾರ, ವಿಶ್ವ ಬ್ಯಾಂಕ್, ಐರೋಪ್ಯ ಆಯೋಗ ಮತ್ತು ವಿಶ್ವಸಂಸ್ಥೆ 2025ರ ಫೆಬ್ರುವರಿಯಲ್ಲಿ ಪ್ರಕಟಿಸಿದ ಅಂದಾಜಿನಂತೆ ಮುಂದಿನ ಹತ್ತು ವರ್ಷಗಳ ಪುನರ್ನಿರ್ಮಾಣಕ್ಕೆ 52,400 ಕೋಟಿ ಡಾಲರು ಬೇಕು. ಹಾನಿಯ ದಾಖಲೆಯಿಂದ ಹಿಡಿದು ಕಟ್ಟಡದ ಕೊನೆಯ ಹಂತದವರೆಗೆ ಪ್ರತಿ ಯೋಜನೆಯನ್ನೂ ತೋರಿಸಲೆಂದು ಡ್ರೀಮ್ ಎಂಬ ವ್ಯವಸ್ಥೆಯನ್ನು ಪ್ರೊಜೋರೊದ ಮಾಹಿತಿಗೆ ಜೋಡಿಸಿ 2023ರಲ್ಲಿ ಆರಂಭಿಸಲಾಗಿದೆ. ಐರೋಪ್ಯ ಒಕ್ಕೂಟದ 5,000 ಕೋಟಿ ಯೂರೊ ಯೋಜನೆಯ ಕಂತುಗಳು ಸುಧಾರಣೆಯ ಹಂತಗಳಿಗೆ ಕಟ್ಟುಬಿದ್ದಿವೆ, ಖರೀದಿ ಕಾಯ್ದೆಯನ್ನು ಒಕ್ಕೂಟದ ನಿರ್ದೇಶನಗಳಿಗೆ ಹೊಂದಿಸುವುದು ಅವುಗಳಲ್ಲಿ ಒಂದು.

ಸರ್ಕಾರಿ ಖರೀದಿಯನ್ನು ಅಧ್ಯಯನ ಮಾಡುವವರು, ತೆರಿಗೆ ಹಣದ ಜಾಡು ಹಿಡಿಯುವ ಪತ್ರಕರ್ತರು, ವಿದೇಶಿ ನೆರವಿನ ಸಾರ್ಥಕತೆಯನ್ನು ಪ್ರಶ್ನಿಸುವವರು ಈ ಜಾಲತಾಣವನ್ನು ತೆರೆದು ಒಂದೆರಡು ಟೆಂಡರುಗಳನ್ನಾದರೂ ಆರಂಭದಿಂದ ಕರಾರಿನವರೆಗೆ ಓದಬೇಕೆಂದು ನಾನು ಮನಸಾರೆ ಶಿಫಾರಸು ಮಾಡುತ್ತೇನೆ. ಅದನ್ನು ನಡೆಸುವವರಲ್ಲಿ ಮತ್ತು ಅದಕ್ಕೆ ನೆರವಾಗುವವರಲ್ಲಿ ನನ್ನ ಕೋರಿಕೆಗಳು ಮೂರು: ಸ್ಕ್ಯಾನ್ ಮಾಡಿದ ಚಿತ್ರಗಳನ್ನು ನಿಷೇಧಿಸಿ ಬಿಡಿ ದರಗಳನ್ನು ಕೋಷ್ಟಕದಲ್ಲಿ ತುಂಬುವುದನ್ನು ಕಡ್ಡಾಯಗೊಳಿಸಲಿ, ಕರಾರಾದ ಮೇಲೆ ಮಾಲು ಬಂದಿತೇ, ಕಾಮಗಾರಿ ಮುಗಿಯಿತೇ ಎಂಬ ವಿವರವನ್ನು ಖಜಾನೆಯ ಪಾವತಿಯ ದಾಖಲೆಯೊಡನೆ ಅದೇ ಪುಟದಲ್ಲಿ ತೋರಿಸಲಿ, ಡೊಜೋರೊದಂಥ ಕಾವಲು ತಂಡಗಳಿಗೆ ಒಂದು ದೇಶದ ಚುನಾವಣೆಯ ಫಲಿತಾಂಶಕ್ಕೆ ಅಲುಗಾಡದಂಥ ಬಹುವರ್ಷದ ನಿಧಿಯನ್ನು ಪುನರ್ನಿರ್ಮಾಣದ ಹಣದಿಂದಲೇ ತೆಗೆದಿಡಲಿ.